ಹೈದಾ ಸುಳಿ ಹೊತ್ತೊಯ್ಯುವ ಜೀವಿಗಳು

ಸುಳಿ ಎಂದರೆ ಮುಳುಗಿಸುವುದು ಎಂದೇ ನಾವು ತಿಳಿದಿರುತ್ತೇವೆ. ನಮ್ಮ ಮನೆಯ ಉರ್ದುವಿನಲ್ಲಿ ಅದು 'ಭಂವರ್'; ಆ ಮಾತಿನಲ್ಲೂ ಅದೇ ಭಯ. ಆದರೆ ಅಲಾಸ್ಕಾ ಕೊಲ್ಲಿಯ ಸುಳಿಗಳು ಮುಳುಗಿಸುವುದಿಲ್ಲ, ಹೊತ್ತೊಯ್ಯುತ್ತವೆ.

ಕೆನಡಾದ ಹೈದಾ ಗ್ವಾಯಿ ದ್ವೀಪಗಳ ಬಳಿ ಚಳಿಗಾಲದಲ್ಲಿ ಹುಟ್ಟುವ ಇವಕ್ಕೆ ಹೈದಾ ಸುಳಿ ಎಂದೇ ಹೆಸರು. ಅಗಲ 150ರಿಂದ 300 ಕಿಲೋಮೀಟರ್! ನಡುವಿನ ನೀರು ಸುತ್ತಲಿಗಿಂತ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬನ್ನು ಅಳೆದೇ ಉಪಗ್ರಹಗಳು ಸುಳಿಯ ಜಾಡು ಹಿಡಿಯುತ್ತವೆ.

ಅಲ್ಲಿನ ನಡುಗಡಲಿನಲ್ಲಿ ನೈಟ್ರೇಟ್ ಸಾಕಷ್ಟಿದೆ, ಕಬ್ಬಿಣದ ಅಂಶ ಕಡಿಮೆ. ಗೋದಾಮು ತುಂಬಿದ್ದರೂ ಒಂದು ಬಿಡಿಭಾಗ ಸಿಗದೆ ಕಾರ್ಖಾನೆ ನಿಂತ ಹಾಗೆ. (ಕಾಮರ್ಸ್‌ನವಳಿಗೆ ಹೊಳೆಯುವುದು ಇಂಥ ಹೋಲಿಕೆಯೇ.) ಸುಳಿ ಕರಾವಳಿಯ ಕಬ್ಬಿಣವನ್ನು ಪಶ್ಚಿಮಕ್ಕೆ ಒಯ್ಯುತ್ತದೆ. ತೇಲುವ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವನ್ನು ತಿನ್ನುವ ಜೂಪ್ಲಾಂಕ್ಟನ್‌ಗಳಿಗೆ ಆಹಾರವಾಗುತ್ತದೆ.

ಕರಾವಳಿಯ ಜೂಪ್ಲಾಂಕ್ಟನ್‌ಗಳೂ ಅದೇ ನೀರಿನಲ್ಲಿ ನೂರಾರು ಕಿಲೋಮೀಟರ್ ಪ್ರಯಾಣ ಮಾಡುತ್ತವೆ. ಎಲ್ಲವೂ ಉಳಿಯುವುದಿಲ್ಲ. ಮೇಲ್ಪದರದ ನೀರು ಗಾಳಿಗೆ ಸಿಕ್ಕಿ ಬೇಗ ಬದಲಾಗುತ್ತದೆ. ಅಲ್ಲೇ ಇರುವವು ಹೊರಬೀಳುತ್ತವೆ, ನಡುಗಡಲಿನವು ಒಳಬರುತ್ತವೆ. ಹಗಲು ಆಳಕ್ಕಿಳಿದು ರಾತ್ರಿ ಮೇಲೇರುವವು ಸುಳಿಯೊಳಗೆ ಹೆಚ್ಚು ಕಾಲ ಇರಬಲ್ಲವು. ಹಾಗಾಗಿ ಒಂದೇ ಸುಳಿಯಲ್ಲಿ ಎರಡು ಊರಿನವರ ಸಂಸಾರ.

ನನಗೆ ಹಿಡಿಸಿದ್ದು ನಿಯೋಕ್ಯಾಲನಸ್. ಸುಮಾರು ಅಕ್ಕಿಕಾಳಿನಷ್ಟಿರುವ ಇದು ವಸಂತದಲ್ಲಿ ಮೇಲೆ ತಿಂದು ಕೊಬ್ಬು ಕೂಡಿಡುತ್ತದೆ, ಬೇಸಿಗೆಯಲ್ಲಿ ನೂರಾರು ಮೀಟರ್ ಆಳಕ್ಕಿಳಿಯುತ್ತದೆ. ಮುಂದೆ ಏನೂ ತಿನ್ನದೆ, ಆ ಉಳಿತಾಯದಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಆಳಕ್ಕಿಳಿಯುವ ಮೊದಲೇ ಎಷ್ಟೋ ಸಾಲ್ಮನ್ ಮೀನುಗಳ ಹೊಟ್ಟೆ ಸೇರಿರುತ್ತವೆ.