ಚಾವಣಿಯಿಂದ ತಿರುಗಿ ಬರುವ ಕರೆಂಟು

ಉಪಕೇಂದ್ರದಿಂದ 11 ಕೆ.ವಿ. ಫೀಡರ್, ಫೀಡರಿನಿಂದ ಬೀದಿಯ ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಮನೆ. ಕರೆಂಟು ಹರಿಯುವುದು ಈ ಒಂದೇ ದಿಕ್ಕಿಗೆ ಎಂದು ನಂಬಿಯೇ ವಿತರಣಾ ಜಾಲದ ರಕ್ಷಣೆಯನ್ನು ರೂಪಿಸಲಾಗಿತ್ತು. ತಂತಿಯ ಮೇಲೆ ಕೊಂಬೆ ಬಿದ್ದು ಶಾರ್ಟ್ ಸರ್ಕ್ಯೂಟ್ ಆದರೆ ಪ್ರವಾಹ ಹಲವು ಪಟ್ಟು ಏರುತ್ತದೆ. ಆಗ ಹತ್ತಿರದ ಫ್ಯೂಸ್ ಮೊದಲು ಹೋಗಬೇಕು. ಅದು ಹೋಗದಿದ್ದರೆ ಮಾತ್ರ ಉಪಕೇಂದ್ರದ ರಿಲೇ ಬ್ರೇಕರನ್ನು ಟ್ರಿಪ್ ಮಾಡಬೇಕು.

ಫೀಡರಿನ ನಡುವೆ ಕಿರು ಜಲವಿದ್ಯುತ್ ಘಟಕವೋ ಸೌರ ಘಟಕವೋ ಸೇರಿದಾಗ ಈ ಸರದಿ ಕೆಡುತ್ತದೆ. ದೋಷದ ಜಾಗಕ್ಕೆ ಹರಿಯುವ ಪ್ರವಾಹದಲ್ಲಿ ಒಂದು ಪಾಲನ್ನು ಆ ಘಟಕವೇ ಕೊಡುವುದರಿಂದ ಉಪಕೇಂದ್ರದ ರಿಲೇಗೆ ಕಾಣುವ ಪಾಲು ಕಡಿಮೆಯಾಗಿ, ಅದು ತಡವಾಗಿ ಎಚ್ಚರಗೊಳ್ಳಬಹುದು. ಪಕ್ಕದ ಫೀಡರಿನಲ್ಲಿ ದೋಷವಾದರೆ ಘಟಕದ ಪ್ರವಾಹ ಹಿಂದಕ್ಕೆ ಹರಿದು, ಸರಿಯಾಗಿದ್ದ ಫೀಡರೂ ಟ್ರಿಪ್ ಆಗಬಹುದು. ಪ್ರವಾಹದ ದಿಕ್ಕನ್ನೂ ಗುರುತಿಸುವ ರಿಲೇ ಇದಕ್ಕೆ ಪರಿಹಾರ. ಸೌರ ಇನ್ವರ್ಟರಿನ ತೊಡಕೇ ಬೇರೆ: ದೋಷವಾದಾಗಲೂ ಅದು ತನ್ನ ಸಾಮರ್ಥ್ಯಕ್ಕಿಂತ ತುಸುವೇ ಹೆಚ್ಚು ಪ್ರವಾಹ ಕೊಡುತ್ತದೆ, ಫ್ಯೂಸ್ ಸುಡಲು ಅಷ್ಟು ಸಾಲದು.

ಇವೆಲ್ಲಕ್ಕಿಂತ ಗಂಭೀರವಾದದ್ದು ಲೈನ್ ಆಫ್ ಆದ ಮೇಲೂ ಚಾವಣಿಗಳಿಂದ ಕರೆಂಟು ಹರಿಯುತ್ತಲೇ ಇರುವ ಸ್ಥಿತಿ. ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೆ ಅದು ನೇರ ಅಪಾಯ. ಆದ್ದರಿಂದಲೇ ಐಇಇಇ 1547 ಮಾನದಂಡದ ಪ್ರಕಾರ, ಜಾಲದಿಂದ ಬೇರ್ಪಟ್ಟ ಭಾಗಕ್ಕೆ ಕರೆಂಟು ಕೊಡುವುದನ್ನು ಘಟಕವು 2 ಸೆಕೆಂಡಿನೊಳಗೆ ನಿಲ್ಲಿಸಬೇಕು. ಭಾರತದಲ್ಲಿ ಇಂಥ ಘಟಕಗಳ ಜೋಡಣೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ನಿಯಮಗಳನ್ನು ತಂದಿತು. ಲೈನ್ ಹೋಗಿದೆಯೆಂದು ತಿಳಿಯಲು ಅನೇಕ ಇನ್ವರ್ಟರ್‌ಗಳು ಆವರ್ತನವನ್ನು ಆಗಾಗ ತುಸು ಕದಲಿಸಲು ನೋಡುತ್ತವೆ. ದೊಡ್ಡ ಜಾಲ ಜೊತೆಗಿದ್ದರೆ ಅದು ಕದಲುವುದಿಲ್ಲ. ಕದಲಿತೆಂದರೆ ಇನ್ವರ್ಟರ್ ನಿಂತುಬಿಡುತ್ತದೆ. ಹಾಡಹಗಲಲ್ಲಿ ಪವರ್ ಕಟ್ ಆದಾಗ, ಬ್ಯಾಟರಿಯಿಲ್ಲದ ಸೋಲಾರ್ ಮನೆಯಲ್ಲೂ ದೀಪ ಉರಿಯದಿರುವುದು ಇದೇ ಕಾರಣಕ್ಕೆ.

ಹಾಗೆಂದು ಸಣ್ಣ ಏರುಪೇರಿಗೂ ಘಟಕಗಳು ಕಳಚಿಕೊಳ್ಳುವುದು ಸರಿಯಲ್ಲ. ಬ್ರಿಟನ್ನಿನಲ್ಲಿ 2019ರ ಆಗಸ್ಟ್ 9ರಂದು ಸಿಡಿಲು ಬಡಿದ ಬೆನ್ನಲ್ಲೇ ಎರಡು ದೊಡ್ಡ ವಿದ್ಯುತ್ ಕೇಂದ್ರಗಳ ಉತ್ಪಾದನೆ ಕುಸಿಯಿತು. ಅನೇಕ ಕಿರು ಘಟಕಗಳೂ ತಮ್ಮ ರಕ್ಷಣಾ ರಿಲೇಗಳ ಅತಿಸೂಕ್ಷ್ಮತೆಯಿಂದ ಕಳಚಿಕೊಂಡವು. 50 ಹರ್ಟ್ಸ್ ಇರಬೇಕಾದ ಆವರ್ತನ 48.8ಕ್ಕೆ ಇಳಿದು, ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ತಪ್ಪಿತು. ಕ್ಷಣಿಕ ಏರುಪೇರನ್ನು ತಾಳಿಕೊಂಡು ನಿಲ್ಲಬೇಕೆಂದು ಹೊಸ ಮಾನದಂಡಗಳು ಕೇಳುವುದು ಇದಕ್ಕಾಗಿಯೇ.

ಇನ್ವರ್ಟರ್ ಎಷ್ಟೇ ಉತ್ತಮವಾಗಿರಲಿ, ದುರಸ್ತಿಗೆ ಮುನ್ನ ಲೈನಿನಲ್ಲಿ ಕರೆಂಟಿಲ್ಲವೆಂದು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿ ಅರ್ಥಿಂಗ್ ಮಾಡಲೇಬೇಕು. ವಿದ್ಯುತ್ ಕಂಪನಿಗೆ ತಿಳಿಸದೆ ಯಾವ ಘಟಕವನ್ನೂ, ಮನೆಯ ಡೀಸೆಲ್ ಜನರೇಟರನ್ನೂ ಸೇರಿಸಿ, ಯಾರೂ ಲೈನಿಗೆ ಜೋಡಿಸಬಾರದು.