ಅಗ್ನಿಶಾಮಕ ದಾಖಲೆಗಳಿಗೆ ಹೊಸ ತಂತ್ರಾಂಶ: ಅಮೆರಿಕದ ನಗರಗಳ ಅನುಭವ

ಅಗ್ನಿಶಾಮಕ ಇಲಾಖೆ ಎಂದೊಡನೆ ಕೆಂಪು ವಾಹನ, ಗಂಟೆಯ ಸದ್ದು ಮತ್ತು ನೀರಿನ ಕೊಳವೆಗಳು ನೆನಪಿಗೆ ಬರುವುದು ಸಹಜ. ಆದರೆ ಪ್ರತಿಯೊಂದು ಕರೆಯ ನಂತರ ಅಧಿಕಾರಿಗಳು ಠಾಣೆಗೆ ಹಿಂದಿರುಗಿ ಬರೆಯುವ ವರದಿಯೂ ಆ ಸೇವೆಯ ಅವಿಭಾಜ್ಯ ಅಂಗವಾಗಿದೆ. ಬೆಂಕಿ ಹೊತ್ತಿದ ಸ್ಥಳ, ಸಮಯ, ಕಾರಣ, ಆದ ನಷ್ಟ ಇವುಗಳ ಜೊತೆಗೆ ಕಟ್ಟಡಗಳ ತಪಾಸಣೆ, ನೀರಿನ ಹೈಡ್ರೆಂಟುಗಳ ಸ್ಥಿತಿ, ಸಿಬ್ಬಂದಿಯ ತರಬೇತಿ ಮುಂತಾದ ವಿವರಗಳೆಲ್ಲವೂ ದಾಖಲೆಯಾಗಬೇಕು. ವಿಮಾ ಪರಿಹಾರ ಕೋರುವಾಗ ಅಗ್ನಿಶಾಮಕ ಇಲಾಖೆಯ ವರದಿಗೆ ಇರುವ ಮಹತ್ವವನ್ನು ಕರ್ನಾಟಕದ ವರ್ತಕರೂ ಬಲ್ಲರು. ಇಂತಹ ದಾಖಲೆಗಳನ್ನು ನಿರ್ವಹಿಸುವ ತಂತ್ರಾಂಶ ಹಳೆಯದಾದಾಗ ಉಂಟಾಗುವ ತೊಡಕುಗಳನ್ನೂ, ಅದನ್ನು ಬದಲಿಸುವ ಕ್ರಮವನ್ನೂ ಅರಿಯಲು ಅಮೆರಿಕದ ಅನುಭವ ಉತ್ತಮ ನಿದರ್ಶನವಾಗಿದೆ.

ಹಳೆಯ ವ್ಯವಸ್ಥೆಯ ಹಿನ್ನೆಲೆ

1973ರಲ್ಲಿ ಅಮೆರಿಕದ ರಾಷ್ಟ್ರೀಯ ಆಯೋಗವೊಂದು ದೇಶದ ಅಗ್ನಿ ಅನಾಹುತಗಳ ಕುರಿತು ವರದಿ ಸಲ್ಲಿಸಿತು. ಅದರ ಫಲವಾಗಿ 1974ರಲ್ಲಿ ಕಾಯಿದೆಯೊಂದು ಜಾರಿಗೆ ಬಂದು, ಬೆಂಕಿಯ ಅಂಕಿಅಂಶಗಳನ್ನು ಕಲೆಹಾಕುವ ರಾಷ್ಟ್ರೀಯ ಕೇಂದ್ರಕ್ಕೆ ಅವಕಾಶವಾಯಿತು. ಹೀಗೆ ರೂಪುಗೊಂಡ ವರದಿ ವ್ಯವಸ್ಥೆಯೇ ಎನ್‌ಎಫ್‌ಐಆರ್‌ಎಸ್. ಇದರ 5.0 ಆವೃತ್ತಿ 1999ರಲ್ಲಿ ಬಳಕೆಗೆ ಬಂದಿತು. ನಗರಗಳ ಇಲಾಖೆಗಳು ತಮಗೆ ಬೇಕಾದ ದಾಖಲಾತಿ ತಂತ್ರಾಂಶವನ್ನು ಖಾಸಗಿ ಕಂಪನಿಗಳಿಂದ ಕೊಂಡು, ಅದರ ಮೂಲಕ ನಿಗದಿತ ಮಾದರಿಯಲ್ಲಿ ವರದಿ ಕಳುಹಿಸುತ್ತಿದ್ದವು.

ಈ ಮಾದರಿಯಲ್ಲಿ ಪ್ರತಿಯೊಂದು ಘಟನೆಗೂ ಮೂರು ಅಂಕಿಗಳ ಸಂಕೇತವಿತ್ತು. ಉದಾಹರಣೆಗೆ, ಕಟ್ಟಡದ ಬೆಂಕಿಗೆ 111. 1999ರಲ್ಲಿ ಇದು ಅನುಕೂಲಕರ ಏರ್ಪಾಡೇ ಆಗಿತ್ತು. ಆದರೆ ಕಾಲ ಕಳೆದಂತೆ ಎರಡು ಕೊರತೆಗಳು ಎದ್ದುಕಂಡವು. ಮೊದಲನೆಯದು ವಿಳಂಬ. ಠಾಣೆಯಿಂದ ರಾಜ್ಯಕ್ಕೆ, ಅಲ್ಲಿಂದ ಕೇಂದ್ರಕ್ಕೆ ಸಾಗಿ ಪರಿಶೀಲನೆ ಮುಗಿದು ಅಂಕಿಅಂಶ ಪ್ರಕಟವಾಗುವ ಹೊತ್ತಿಗೆ ಬಹಳ ಕಾಲ ಕಳೆದಿರುತ್ತಿತ್ತು. ಎರಡನೆಯದು, ಹೊಸ ಬಗೆಯ ಅಪಾಯಗಳಿಗೆ ಸಂಕೇತವೇ ಇಲ್ಲದಿರುವುದು. ಲಿಥಿಯಂ ಅಯಾನ್ ಬ್ಯಾಟರಿಯಿಂದ ಹೊತ್ತಿದ ಬೆಂಕಿಗೆ ಹಳೆಯ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಸಂಕೇತವಿಲ್ಲದ ಅಪಾಯ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದುದರ ಬಗ್ಗೆ ನಿಯಮ ರೂಪಿಸುವುದೂ ಕಷ್ಟ.

ಎಣಿಕೆಯಿಂದ ಆದ ಪ್ರಯೋಜನ

ನ್ಯೂಯಾರ್ಕ್ ನಗರದ ಅಗ್ನಿಶಾಮಕ ಇಲಾಖೆ ಇಂತಹ ಬ್ಯಾಟರಿಗಳ ಬೆಂಕಿಯನ್ನು ತಾನೇ ಪ್ರತ್ಯೇಕವಾಗಿ ಎಣಿಸುತ್ತ ಬಂದಿತು. 2023ರಲ್ಲಿ ಅಲ್ಲಿ ಇಂತಹ 268 ಪ್ರಕರಣಗಳು ದಾಖಲಾಗಿ 18 ಜನ ಮೃತಪಟ್ಟರು. ಅವುಗಳಲ್ಲಿ ವಿದ್ಯುತ್ ಸೈಕಲ್ ಹಾಗೂ ಸ್ಕೂಟರುಗಳ ಬ್ಯಾಟರಿಗಳ ಪಾಲು ದೊಡ್ಡದಾಗಿತ್ತು. ಸುರಕ್ಷತಾ ಮಾನದಂಡದ ಪ್ರಮಾಣಪತ್ರವಿಲ್ಲದ ವಿದ್ಯುತ್ ಸೈಕಲ್ಲುಗಳ ಮಾರಾಟವನ್ನು ನಿಷೇಧಿಸುವ ಸ್ಥಳೀಯ ಕಾನೂನು 2023ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು. 2024ರಲ್ಲಿ ಬೆಂಕಿಯ ಪ್ರಕರಣಗಳು 277 ಇದ್ದರೂ ಸಾವಿನ ಸಂಖ್ಯೆ 6ಕ್ಕೆ ಇಳಿಯಿತು. ಕಾನೂನಿನ ಜೊತೆಗೆ ಜನಜಾಗೃತಿ ಮತ್ತು ಅಂಗಡಿಗಳ ತಪಾಸಣೆಯೂ ನಡೆದಿದ್ದುದರಿಂದ ಈ ಇಳಿಕೆಗೆ ಒಂದೇ ಕಾರಣವನ್ನು ಹೇಳಲಾಗದು. ಆದರೂ ಠಾಣೆಯ ಒಂದು ದಾಖಲೆ ಮಾರುಕಟ್ಟೆಯ ನಿಯಮವನ್ನೇ ಬದಲಿಸಬಲ್ಲದು ಎಂಬುದನ್ನು ವ್ಯಾಪಾರಸ್ಥರು ಇಲ್ಲಿ ಗಮನಿಸಬೇಕು.

ದಾಖಲೆ ತಲುಪದಿದ್ದರೆ

ಇದೇ ನಗರದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಹಾನಿಗೊಂಡ ಮ್ಯಾನ್‌ಹಟನ್‌ನ ಡಾಯ್ಚ ಬ್ಯಾಂಕ್ ಕಟ್ಟಡವನ್ನು ಕೆಡವುವ ಕೆಲಸ ನಡೆಯುತ್ತಿದ್ದಾಗ, 2007ರ ಆಗಸ್ಟ್ 18ರಂದು ಅಲ್ಲಿ ಬೆಂಕಿ ಹೊತ್ತಿತು. ಮೇಲಿನ ಮಹಡಿಗಳಿಗೆ ನೀರೊಯ್ಯುವ ಮುಖ್ಯ ಕೊಳವೆಯ ಒಂದು ಭಾಗವನ್ನು ನೆಲಮಾಳಿಗೆಯಲ್ಲಿ ಮೊದಲೇ ಕತ್ತರಿಸಿ ತೆಗೆಯಲಾಗಿತ್ತು. ಸಿಬ್ಬಂದಿಗೆ ಇದು ತಿಳಿದಿರಲಿಲ್ಲ. ಇಬ್ಬರು ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು.

ಕೆಡವುತ್ತಿರುವ ಕಟ್ಟಡವನ್ನು 15 ದಿನಗಳಿಗೊಮ್ಮೆ ತಪಾಸಣೆ ಮಾಡಬೇಕೆಂಬ ನಿಯಮವಿದ್ದರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ನಡೆದಿರಲಿಲ್ಲ. ಇದು ಕರ್ತವ್ಯಲೋಪ, ತಂತ್ರಾಂಶದ ಮೇಲೆ ಹೊರಿಸಬಹುದಾದ ತಪ್ಪಲ್ಲ. ಆದರೆ ತಪಾಸಣೆ ತಪ್ಪಿಹೋಗಿದೆ ಎಂದು ಮೇಲಧಿಕಾರಿಗಳನ್ನು ಎಚ್ಚರಿಸುವ ಏರ್ಪಾಡು ಆ ವ್ಯವಸ್ಥೆಯಲ್ಲಿ ಇರಬೇಕಾಗಿತ್ತು. ಈ ದುರಂತದ ನಂತರ ಅಗ್ನಿಶಾಮಕ, ಕಟ್ಟಡ ಮತ್ತು ಪರಿಸರ ರಕ್ಷಣಾ ಇಲಾಖೆಗಳು ತಪಾಸಣೆಯ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವ ಕ್ರಮ ಜಾರಿಗೆ ಬಂದಿತು. ಕಟ್ಟಡದ ವಯಸ್ಸು, ನಿರ್ಮಾಣದ ಬಗೆ ಮುಂತಾದುವನ್ನು ಅಳೆದು, ಹೆಚ್ಚು ಅಪಾಯವಿರುವಲ್ಲಿಗೆ ಮೊದಲು ತಪಾಸಕರನ್ನು ಕಳುಹಿಸುವ ಗಣಕೀಕೃತ ಪದ್ಧತಿಯನ್ನೂ ಇಲಾಖೆ ಅಳವಡಿಸಿಕೊಂಡಿತು.

ನೆರಿಸ್‌ಗೆ ಬದಲಾವಣೆ

ಎನ್‌ಎಫ್‌ಐಆರ್‌ಎಸ್‌ನ ಸ್ಥಾನದಲ್ಲಿ ನೆರಿಸ್ ಎಂಬ ಹೊಸ ರಾಷ್ಟ್ರೀಯ ವ್ಯವಸ್ಥೆಯನ್ನು ಅಮೆರಿಕದ ಕೇಂದ್ರ ಅಗ್ನಿಶಾಮಕ ಆಡಳಿತವು ಅಗ್ನಿ ಸುರಕ್ಷತಾ ಸಂಶೋಧನಾ ಸಂಸ್ಥೆಯೊಂದರ ನೆರವಿನಿಂದ ರೂಪಿಸಿತು. 2024ರ ಕೊನೆಯಿಂದ ಇಲಾಖೆಗಳನ್ನು ಹಂತಹಂತವಾಗಿ ಇದಕ್ಕೆ ಸೇರಿಸಲಾಯಿತು. 2026ರ ಜನವರಿ 1ರಿಂದ ಎಲ್ಲ ಇಲಾಖೆಗಳೂ ಇದಕ್ಕೇ ವರದಿ ಮಾಡಬೇಕೆಂದು ಗೊತ್ತುಪಡಿಸಲಾಯಿತು. ಇದರಲ್ಲಿ ಬ್ಯಾಟರಿ, ಸೌರಫಲಕ ಮುಂತಾದ ಹೊಸ ಅಪಾಯಗಳಿಗೆ ಸ್ಥಾನವಿದೆ. ನಗರದ ತಂತ್ರಾಂಶದಿಂದ ಮಾಹಿತಿ ಅಂತರ್ಜಾಲದ ಮೂಲಕ ನೇರವಾಗಿ ರವಾನೆಯಾಗುತ್ತದೆ. ಹಳೆಯ ಮಾದರಿಗೆ ಹೊಂದಿಕೊಂಡಿದ್ದ ತಂತ್ರಾಂಶಗಳನ್ನು ನವೀಕರಿಸುವುದು ಇದರಿಂದ ಅನಿವಾರ್ಯವಾಯಿತು.

ಇಂತಹ ಬದಲಾವಣೆಯಲ್ಲಿ ತಂತ್ರಾಂಶದ ಖರೀದಿ ಸುಲಭವಾದ ಭಾಗ. ಹಳೆಯ ದಾಖಲೆಗಳನ್ನು ಹೊಸದಕ್ಕೆ ತರುವುದೇ ಶ್ರಮದ ಕೆಲಸ. ಅದರ ಮುಖ್ಯ ಹಂತಗಳು ಹೀಗಿವೆ:

1. ದಾಖಲೆಗಳ ಶುದ್ಧೀಕರಣ: ಒಂದೇ ಕಟ್ಟಡದ ವಿಳಾಸವನ್ನು ಮೂರು ಬಗೆಯಲ್ಲಿ ಬರೆದಿದ್ದರೆ ಗಣಕಯಂತ್ರ ಅದನ್ನು ಮೂರು ಕಟ್ಟಡಗಳೆಂದೇ ಎಣಿಸುತ್ತದೆ. ವರ್ಗಾವಣೆಗೆ ಮುನ್ನ ಇದನ್ನು ಸರಿಪಡಿಸಬೇಕು.

2. ಸಂಕೇತಗಳ ಹೊಂದಾಣಿಕೆ: ಹಳೆಯ ಸಂಕೇತಕ್ಕೆ ಹೊಸ ಪಟ್ಟಿಯಲ್ಲಿ ಯಾವುದು ಸಮನೆಂದು ಮೊದಲೇ ನಿರ್ಧರಿಸಬೇಕು. ಇಲ್ಲವಾದರೆ ವರ್ಗೀಕರಣ ಬದಲಾದುದರಿಂದಲೇ ಅನಾಹುತಗಳು ಏರಿದಂತೆ ಅಥವಾ ಇಳಿದಂತೆ ಭಾಸವಾಗುತ್ತದೆ.

3. ಹಳೆಯ ಕಡತಗಳ ರಕ್ಷಣೆ: ಹೊಸದಕ್ಕೆ ಹೊಂದದ ವರದಿಗಳನ್ನು ಅಳಿಸದೆ, ತಿದ್ದಲಾಗದಂತೆ ಆದರೆ ಓದಲು ಸಿಗುವಂತೆ ಪ್ರತ್ಯೇಕವಾಗಿ ಇಡಬೇಕು. ವಿಮೆ ಮತ್ತು ನ್ಯಾಯಾಲಯದ ವ್ಯವಹಾರಗಳಲ್ಲಿ ಅವು ವರ್ಷಗಳ ನಂತರವೂ ಬೇಕಾಗುತ್ತವೆ.

4. ತರಬೇತಿ: ಠಾಣೆಗಳಲ್ಲಿ ಪಾಳಿಯ ಮೇಲೆ ಕೆಲಸ ನಡೆಯುವುದರಿಂದ ಪ್ರತಿ ಪಾಳಿಗೂ ಪ್ರತ್ಯೇಕ ಕಲಿಕೆ ಅವಶ್ಯ. ನಮೂನೆ ಕ್ಲಿಷ್ಟವಾಗಿದ್ದರೆ ದಣಿದು ಬಂದ ಅಧಿಕಾರಿ "ಇತರೆ" ಎಂದು ಗುರುತಿಸಿ ಮುಗಿಸುವ ಸಂಭವವಿದೆ.

5. ಬದಲಿ ಏರ್ಪಾಡು: 2023ರ ಮೇ ತಿಂಗಳಲ್ಲಿ ಡಲ್ಲಾಸ್ ನಗರದ ಗಣಕಜಾಲದ ಮೇಲೆ ಸೈಬರ್ ದಾಳಿ ನಡೆದಾಗ ತುರ್ತು ಕರೆಗಳ ವಿವರವನ್ನು ಕೈಯಿಂದ ಬರೆದುಕೊಳ್ಳಬೇಕಾಯಿತು. ಪ್ರತ್ಯೇಕ ನಕಲು ಪ್ರತಿ ಮತ್ತು ಕಾಗದದ ನಮೂನೆ ಯಾವಾಗಲೂ ಸಿದ್ಧವಿರಬೇಕು.

ವರ್ತಕರಿಗೂ ಅನ್ವಯಿಸುವ ಪಾಠ

ಸಣ್ಣ ಕೈಗಾರಿಕೆಯ ಲೆಕ್ಕಪತ್ರ ಅಥವಾ ದಾಸ್ತಾನಿನ ತಂತ್ರಾಂಶವನ್ನು ಬದಲಿಸುವಾಗಲೂ ಇವೇ ಹಂತಗಳು ಎದುರಾಗುತ್ತವೆ. ಒಪ್ಪಂದ ಮುಗಿದಾಗ ಎಲ್ಲ ದಾಖಲೆಗಳನ್ನೂ ಬೇರೆ ತಂತ್ರಾಂಶದಲ್ಲಿ ಬಳಸಬಹುದಾದ ರೂಪದಲ್ಲಿ ಹಿಂದಿರುಗಿಸಬೇಕೆಂಬ ಷರತ್ತನ್ನು ಖರೀದಿಯ ದಿನವೇ ಬರೆಸಿಕೊಳ್ಳುವುದು ಲೇಸು. ಹಳೆಯದು ಮತ್ತು ಹೊಸದು ಎರಡನ್ನೂ ಕೆಲಕಾಲ ಜೊತೆಯಾಗಿ ನಡೆಸಿ, ಮೊತ್ತಗಳು ತಾಳೆಯಾದ ಮೇಲೆ ಹಳೆಯದನ್ನು ನಿಲ್ಲಿಸಬೇಕು.

ಇನ್ನೊಂದು ಹೊಣೆಯೂ ಉದ್ಯಮಿಯ ಮೇಲಿದೆ. ಅಗ್ನಿಶಾಮಕ ಇಲಾಖೆಯ ತಂತ್ರಾಂಶ ಎಷ್ಟೇ ಆಧುನಿಕವಾಗಿದ್ದರೂ ಅದರಲ್ಲಿರುವುದು ಕಟ್ಟಡದ ಮಾಲೀಕರು ಒದಗಿಸಿದ ಮತ್ತು ತಪಾಸಕರು ಕಂಡ ಮಾಹಿತಿ ಮಾತ್ರ. ಗೋದಾಮಿನಲ್ಲಿ ಹೊಸ ರಾಸಾಯನಿಕ ಸೇರಿದಾಗ, ನೀರಿನ ಕೊಳವೆ ಕೆಟ್ಟಾಗ, ಹೊರಹೋಗುವ ಒಂದು ದಾರಿಯನ್ನು ಮುಚ್ಚಬೇಕಾದಾಗ ಅದನ್ನು ಇಲಾಖೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಕೊಳವೆ ಕತ್ತರಿಸಿರುವುದು ಬೆಂಕಿ ಹೊತ್ತಿದ ಮೇಲೆ ತಿಳಿದರೆ ಆ ಮಾಹಿತಿಯಿಂದ ಯಾರಿಗೂ ಪ್ರಯೋಜನವಿಲ್ಲ.