ಸರ್ವರ್ ಜಾಲದಲ್ಲಿ ಯೂಸರ್ ಪ್ರೊಫೈಲ್ ದೋಷ: ಪತ್ತೆ ಮತ್ತು ಪರಿಹಾರ

ತಿಂಗಳ 20ನೇ ತಾರೀಖು. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಲೆಕ್ಕಿಗರು ಗಣಕಯಂತ್ರಕ್ಕೆ ಲಾಗಿನ್ ಆದಾಗ ಡೆಸ್ಕ್‌ಟಾಪ್ ಬರಿದಾಗಿರುತ್ತದೆ. ಕಡತಗಳಾಗಲಿ, ಇ-ಮೇಲ್ ಆಗಲಿ ಕಾಣವು. ಮಾಹಿತಿಯೇ ಅಳಿಸಿಹೋಯಿತೆಂದು ಗಾಬರಿಯಾಗುವುದು ಸಹಜ. ಆದರೆ ಸಾಮಾನ್ಯವಾಗಿ ಮಾಹಿತಿ ಇದ್ದಲ್ಲಿಯೇ ಇದ್ದು, ಯೂಸರ್ ಪ್ರೊಫೈಲ್ ಮಾತ್ರ ತೆರೆದುಕೊಂಡಿರುವುದಿಲ್ಲ.

ಬಳಕೆದಾರನ ಡೆಸ್ಕ್‌ಟಾಪ್, ಕಡತಗಳು ಹಾಗೂ ತಂತ್ರಾಂಶದ ಆಯ್ಕೆಗಳನ್ನು ಒಳಗೊಂಡ ಫೋಲ್ಡರೇ ಪ್ರೊಫೈಲ್. ವಿಂಡೋಸ್ ಸರ್ವರ್ ಜಾಲದಲ್ಲಿ ಇದನ್ನು 'ರೋಮಿಂಗ್ ಪ್ರೊಫೈಲ್' ಆಗಿ ಸರ್ವರ್‌ನಲ್ಲಿರಿಸಬಹುದು. ಲಾಗಿನ್ ಆದಾಗ ಅದರ ಪ್ರತಿ ಗಣಕಯಂತ್ರಕ್ಕೆ ಬರುತ್ತದೆ. ಲಾಗಾಫ್ ಆದಾಗ ಬದಲಾವಣೆಗಳು ಸರ್ವರ್‌ಗೆ ಮರಳುತ್ತವೆ.

ಪ್ರೊಫೈಲ್ ತೆರೆಯಲಾಗದಿದ್ದಾಗ ವಿಂಡೋಸ್ ತಾತ್ಕಾಲಿಕ ಪ್ರೊಫೈಲ್ ಒದಗಿಸುತ್ತದೆ. ನಿಜವಾದ ಅಪಾಯವಿರುವುದು ಇಲ್ಲಿ. ಇದರಲ್ಲಿ ಉಳಿಸಿದ ಕಡತಗಳು ಲಾಗಾಫ್ ಆದೊಡನೆ ಅಳಿಸಿಹೋಗುತ್ತವೆ. ಆದುದರಿಂದ ಕೆಲಸ ಮುಂದುವರಿಸಬಾರದು. ಈಗಾಗಲೇ ಉಳಿಸಿದ್ದರೆ ಲಾಗಾಫ್‌ಗೆ ಮುನ್ನ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಕು.

ದೋಷದ ಮೂಲವನ್ನು ಹೀಗೆ ಗುರುತಿಸಬಹುದು:

1. ಎಲ್ಲ ನೌಕರರಿಗೂ ತೊಂದರೆಯಿದ್ದರೆ ದೋಷ ಸರ್ವರ್ ಅಥವಾ ಜಾಲದ್ದು. ಪ್ರೊಫೈಲ್‌ಗಳಿರುವ ಹಂಚಿಕೆಯ ಫೋಲ್ಡರ್ ತೆರೆಯುವುದೇ, ಡಿಸ್ಕ್ ತುಂಬಿದೆಯೇ ಎಂದು ನೋಡಬೇಕು.

2. ಒಬ್ಬರಿಗೆ ಮಾತ್ರ, ಆದರೆ ಎಲ್ಲ ಗಣಕಯಂತ್ರಗಳಲ್ಲೂ ತೊಂದರೆಯಿದ್ದರೆ, ಅವರ ಖಾತೆಯಲ್ಲಿ ನಮೂದಿಸಿದ ಪ್ರೊಫೈಲ್ ವಿಳಾಸವನ್ನೂ ಆ ಫೋಲ್ಡರ್ ಮೇಲೆ ಅವರಿಗಿರುವ ಅನುಮತಿಯನ್ನೂ ಪರಿಶೀಲಿಸಬೇಕು.

3. ಒಂದೇ ಗಣಕಯಂತ್ರದಲ್ಲಿ ತೊಂದರೆಯಿದ್ದರೆ ಮೊದಲು ಅದರ ಗಡಿಯಾರ ನೋಡಬೇಕು. ಸರ್ವರ್‌ಗಿಂತ 5 ನಿಮಿಷಕ್ಕೂ ಹೆಚ್ಚು ವ್ಯತ್ಯಾಸವಿದ್ದರೆ ಗುರುತಿನ ಪರಿಶೀಲನೆ ವಿಫಲವಾಗಬಹುದು. ಅದು ಸರಿಯಿದ್ದರೆ ಸ್ಥಳೀಯ ಪ್ರತಿ ಕೆಟ್ಟಿರಬಹುದು. ರಿಜಿಸ್ಟ್ರಿಯನ್ನು ತಿದ್ದಬೇಕಾದಲ್ಲಿ ಬ್ಯಾಕಪ್ ತೆಗೆದ ನಂತರ ತಂತ್ರಜ್ಞರಿಂದಲೇ ಮಾಡಿಸುವುದು ಲೇಸು.

ಈವೆಂಟ್ ವ್ಯೂವರ್‌ನಲ್ಲಿ 1511 ಸಂಖ್ಯೆಯ ದಾಖಲೆ ಕಂಡರೆ ತಾತ್ಕಾಲಿಕ ಪ್ರೊಫೈಲ್ ತೆರೆದಿದೆಯೆಂದೂ, 1521 ಕಂಡರೆ ಸರ್ವರ್‌ನ ಪ್ರತಿ ಸಿಗಲಿಲ್ಲವೆಂದೂ ತಿಳಿಯಬೇಕು. ತಂತ್ರಜ್ಞರಿಗೆ ಈ ಸಂಖ್ಯೆಯನ್ನು ದೂರವಾಣಿಯಲ್ಲಿ ತಿಳಿಸಿದರೂ ಅರ್ಧ ಕೆಲಸ ಮುಗಿದಂತೆ.

ವಿಂಡೋಸ್ 7 ಮತ್ತು ವಿಂಡೋಸ್ 10 ಯಂತ್ರಗಳು ಒಂದೇ ಜಾಲದಲ್ಲಿದ್ದರೆ ಒಬ್ಬರಿಗೇ ಬೇರೆ ಬೇರೆ ಪ್ರೊಫೈಲ್ ಫೋಲ್ಡರ್‌ಗಳು ಸೃಷ್ಟಿಯಾಗುತ್ತವೆ. ಒಂದರಲ್ಲಿನ ಡೆಸ್ಕ್‌ಟಾಪ್ ಇನ್ನೊಂದರಲ್ಲಿ ಕಾಣದಿರುವುದು ದೋಷವಲ್ಲ.

ಲೆಕ್ಕಪತ್ರಗಳನ್ನು ಡೆಸ್ಕ್‌ಟಾಪ್‌ನಲ್ಲಿಡದೆ ಸರ್ವರ್‌ನ ಪ್ರತ್ಯೇಕ ಫೋಲ್ಡರ್‌ನಲ್ಲಿಟ್ಟು, ನಿತ್ಯ ಬ್ಯಾಕಪ್ ತೆಗೆಯುವುದೇ ಶಾಶ್ವತ ಪರಿಹಾರ. ಆಗ ಪ್ರೊಫೈಲ್ ಕೆಟ್ಟರೂ ವ್ಯವಹಾರ ನಿಲ್ಲದು.